ಚಂದ್ರನ ಕುಳಿಗಳೆಲ್ಲ ಯಾಕೆ ದುಂಡಗಿವೆ? ಕೆಲವಕ್ಕೆ ಮಾತ್ರ ನಡುವೆ ಗುಡ್ಡ ಯಾಕೆ?

ಪ್ರಶ್ನೆ: ಮಗಳಿಗೆ ಅಂತ ಒಂದು ಸಣ್ಣ ಟೆಲಿಸ್ಕೋಪ್ ತಂದಿದ್ದೇವೆ. ಅಷ್ಟಮಿಯ ಚಂದ್ರನನ್ನು ನೋಡಿದಾಗ ಕಣ್ತುಂಬ ಕುಳಿಗಳು ಕಂಡವು. ಕೆಲವು ಬರೀ ಗುಂಡಿ. ಕೆಲವಕ್ಕೆ ನಟ್ಟನಡುವೆ ಗುಡ್ಡ. ಇನ್ನು ಕೆಲವಕ್ಕೆ ತಳ ಪೂರ್ತಿ ಸಪಾಟು. ಹುಣ್ಣಿಮೆಗೆ ಇನ್ನೂ ಚೆನ್ನಾಗಿ ಕಾಣುತ್ತದೆ ಅಂದುಕೊಂಡು ಅಕ್ಕಪಕ್ಕದ ಮನೆಯವರನ್ನೂ ಕರೆದೆವು. ನೋಡಿದರೆ ಕುಳಿಗಳೇ ಮಾಯ! ಒಂದು ಬದಿಯಿಂದ ಬಿಳಿ ಗೆರೆಗಳು ಹರಡಿಕೊಂಡಿದ್ದು ಮಾತ್ರ ಕಂಡಿತು. ಇದೆಲ್ಲ ಯಾಕೆ ಹೀಗೆ? ಮಗಳದ್ದು ಇನ್ನೊಂದು ಪ್ರಶ್ನೆ ಇದೆ: "ಕೆಸರಿಗೆ ಓರೆಯಾಗಿ ಕಲ್ಲೆಸೆದರೆ ಗುಂಡಿ ಉದ್ದಕ್ಕೆ ಆಗುತ್ತೆ. ಚಂದ್ರನ ಮೇಲೆ ಮಾತ್ರ ಎಲ್ಲಾ ಯಾಕೆ ದುಂಡಗಿವೆ?"

ಉತ್ತರ: ಮೊದಲು ನಿಮ್ಮ ಮಗಳ ಪ್ರಶ್ನೆ ತೆಗೆದುಕೊಳ್ಳುತ್ತೇನೆ. ಯಾಕೆಂದರೆ ಅದು ಸಣ್ಣ ಪ್ರಶ್ನೆ ಅಲ್ಲವೇ ಅಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳು ಇದೇ ಪ್ರಶ್ನೆಯ ಮುಂದೆ ನಿಂತುಬಿಟ್ಟಿದ್ದರು. ಚಂದ್ರನ ಕುಳಿಗಳು ಆಕಾಶದಿಂದ ಕಲ್ಲು ಬಿದ್ದು ಆದವು ಎಂದು ಜಗತ್ತು ಒಪ್ಪುವುದಕ್ಕೆ ಇಪ್ಪತ್ತನೇ ಶತಮಾನದ ನಡುಭಾಗ ಬರಬೇಕಾಯಿತು. ಅಲ್ಲಿಯವರೆಗೆ ಹೆಚ್ಚಿನವರು ಅವು ಜ್ವಾಲಾಮುಖಿಯ ಬಾಯಿಗಳು ಅಂತಲೇ ನಂಬಿದ್ದರು. ಅದಕ್ಕೆ ಅವರು ಕೊಡುತ್ತಿದ್ದ ಮುಖ್ಯ ಕಾರಣ ಇದೇ: ಕಲ್ಲುಗಳು ಎಲ್ಲಾ ದಿಕ್ಕಿನಿಂದ, ಎಲ್ಲಾ ಕೋನದಲ್ಲಿ ಬೀಳಬೇಕು. ಹಾಗಿದ್ದರೆ ಉದ್ದನೆಯ ಕುಳಿಗಳು ಬೇಕಾದಷ್ಟು ಇರಬೇಕಿತ್ತಲ್ಲ, ಎಲ್ಲಿವೆ?

ಅಮೆರಿಕದ ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ 1892ರಲ್ಲಿ ವಾಷಿಂಗ್ಟನ್ನಿನ ನೌಕಾಪಡೆಯ ವೀಕ್ಷಣಾಲಯದಲ್ಲಿ ಕೂತು ಚಂದ್ರನನ್ನು ಬಹಳ ಎಚ್ಚರಿಕೆಯಿಂದ ನೋಡಿದರು. ಇವು ಜ್ವಾಲಾಮುಖಿಗಳಲ್ಲ, ಬಡಿತದ ಗುರುತುಗಳು ಎಂದು ಅವರಿಗೆ ಖಾತ್ರಿಯಾಯಿತು. ಆದರೆ ದುಂಡಗಿನ ಆಕಾರ ಅವರನ್ನೂ ಕಾಡಿತು. ಓರೆಯಾಗಿ ಬೀಳುವ ಕಲ್ಲುಗಳೇ ಜಾಸ್ತಿ ಇರುತ್ತವೆ ಎಂದು ಅವರೇ ಲೆಕ್ಕ ಹಾಕಿದ್ದರು. ಕೊನೆಗೆ ಅವರು ಒಂದು ದಾರಿ ಹುಡುಕಿದರು: ಭೂಮಿಯ ಸುತ್ತ ಒಂದು ಕಾಲದಲ್ಲಿ ಪುಟ್ಟ ಚಂದ್ರಗಳ ಬಳೆ ಇತ್ತು, ಅವು ಒಂದೊಂದಾಗಿ ದೊಡ್ಡ ಚಂದ್ರನ ಮೇಲೆ ಹೆಚ್ಚುಕಡಿಮೆ ನೇರವಾಗಿ ಬಿದ್ದವು ಅಂತ. ಆ ಬಳೆ ಇರಲೇ ಇಲ್ಲ. ಆದರೂ ನನಗೆ ಗಿಲ್ಬರ್ಟ್ ಬಗ್ಗೆ ತುಂಬ ಗೌರವ. ಮುಖ್ಯ ವಿಷಯ ಅವರು ಸರಿಯಾಗಿಯೇ ಹಿಡಿದಿದ್ದರು. ಅವರ ಕೈಗೆ ಸಿಗದಿದ್ದದ್ದು ಒಂದೇ ಒಂದು ಸಂಗತಿ, ವೇಗ.

ಕೆಸರಿಗೆ ಎಸೆದ ಕಲ್ಲು ಸೆಕೆಂಡಿಗೆ ಹೆಚ್ಚೆಂದರೆ ಇಪ್ಪತ್ತು ಮೂವತ್ತು ಮೀಟರ್ ಹೋಗುತ್ತದೆ. ಚಂದ್ರನಿಗೆ ಬಡಿಯುವ ಕ್ಷುದ್ರಗ್ರಹದ ತುಂಡು ಸೆಕೆಂಡಿಗೆ ಸುಮಾರು 15ರಿಂದ 20 ಕಿ.ಮೀ. ವೇಗದಲ್ಲಿ ಬರುತ್ತದೆ. ತಡೆಯಲು ಅಲ್ಲಿ ಗಾಳಿ ಇಲ್ಲ. ಆ ವೇಗದಲ್ಲಿ ಬರುವ ಒಂದು ಕಿಲೋ ಕಲ್ಲಿನಲ್ಲಿರುವ ಶಕ್ತಿ ಇಪ್ಪತ್ತೈದು ಕಿಲೋ ಟಿಎನ್‌ಟಿ ಸ್ಫೋಟಕಕ್ಕಿಂತ ಜಾಸ್ತಿ. ಅಂದರೆ ಕಲ್ಲಿನಲ್ಲಿ ಸ್ಫೋಟಕ ಏನೂ ಇರಬೇಕಾಗಿಲ್ಲ, ಅದರ ಓಟವೇ ಸಾಕು.

ಹೀಗಾಗಿ ಅದು ನೆಲವನ್ನು ಅಗೆಯುವುದಿಲ್ಲ. ನೆಲದೊಳಗೆ ತನ್ನ ಗಾತ್ರದಷ್ಟು ಆಳ ಹೋಗುವಷ್ಟರಲ್ಲಿ ಅದರ ಓಟ ಮುಗಿದಿರುತ್ತದೆ. ಆ ಶಕ್ತಿಯೆಲ್ಲ ಒಂದೇ ಜಾಗದಲ್ಲಿ, ಕಣ್ಣು ಮಿಟುಕಿಸುವುದರೊಳಗೆ ಬಿಡುಗಡೆ ಆಗುತ್ತದೆ. ಕಲ್ಲು ಬಹುಪಾಲು ಕರಗಿ ಆವಿಯಾಗುತ್ತದೆ. ಅಲ್ಲಿಂದ ಹೊರಟ ಆಘಾತದ ಅಲೆ ಬಂಡೆಯೊಳಗೆ ಎಲ್ಲಾ ಕಡೆಗೂ ಸಮನಾಗಿ ಹರಡುತ್ತದೆ. ಕುಳಿ ತೋಡುವುದು ಆ ಅಲೆ. ಕಲ್ಲು ಯಾವ ಕಡೆಯಿಂದ ಬಂತು ಎನ್ನುವುದು ಆ ಅಲೆಗೆ ಬಹಳ ಮಟ್ಟಿಗೆ ಮರೆತೇ ಹೋಗಿರುತ್ತದೆ. ಅದಕ್ಕೇ ಕುಳಿ ದುಂಡಗೆ. ಎಸ್ಟೋನಿಯಾದ ಅರ್ನ್‌ಸ್ಟ್ ಯೂಪಿಕ್ 1916ರಲ್ಲಿ, ನ್ಯೂಜಿಲೆಂಡಿನ ಆಲ್ಜರ್ನನ್ ಗಿಫರ್ಡ್ 1924ರಲ್ಲಿ ಬೇರೆ ಬೇರೆಯಾಗಿ ಇದನ್ನು ಹೇಳಿದರು. ಕೇಳಿಸಿಕೊಂಡವರು ಆಗ ತುಂಬ ಕಡಿಮೆ.

ಹಾಗಂತ ಉದ್ದನೆಯ ಕುಳಿಗಳು ಇಲ್ಲವೇ ಇಲ್ಲ ಅಂತಲ್ಲ. ಕಲ್ಲು ನೆಲಕ್ಕೆ ಸವರಿಕೊಂಡೇ ಬಂದರೆ, ಅಂದರೆ ನೆಲದಿಂದ ಸುಮಾರು 15 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ಬಡಿದರೆ, ಆಕಾರ ಕೆಡಲು ಶುರುವಾಗುತ್ತದೆ. ಅಷ್ಟು ಓರೆಯಾಗಿ ಬೀಳುವ ಕಲ್ಲುಗಳು ನೂರಕ್ಕೆ ಏಳು ಮಾತ್ರ. ನಿಮ್ಮ ಮಗಳಿಗೆ ಮೆಸಿಯರ್ ಎಂಬ ಕುಳಿಯನ್ನು ತೋರಿಸಿ. ಚಂದ್ರನ ಪೂರ್ವ ಬದಿಯಲ್ಲಿರುವ ಫಲವತ್ತತೆಯ ಸಮುದ್ರ ಎಂಬ ಕಪ್ಪು ಬಯಲಿನಲ್ಲಿದೆ, ಶುಕ್ಲ ಪಂಚಮಿ ಹೊತ್ತಿಗೆ ಚೆನ್ನಾಗಿ ಕಾಣುತ್ತದೆ. ಮೊಟ್ಟೆಯಾಕಾರದ ಸಣ್ಣ ಕುಳಿ. ಪಕ್ಕದಲ್ಲೇ ಅದರ ಜೊತೆಗಾರ ಇನ್ನೊಂದು. ಆ ಎರಡನೆಯದರಿಂದ ಪಶ್ಚಿಮಕ್ಕೆ ಜೋಡಿ ಬಿಳಿ ಗೆರೆಗಳು ನೇರವಾಗಿ ಓಡಿವೆ. ನಿಮ್ಮ ಮಗಳು ಹೇಳಿದ ಓರೆ ಕಲ್ಲು ಅಲ್ಲಿ ಬಿದ್ದಿದೆ.

ಈಗ ಗುಡ್ಡದ ವಿಷಯಕ್ಕೆ ಬರೋಣ. ಇದರಲ್ಲಿ ಒಂದೇ ನಿಯಮ ಕೆಲಸ ಮಾಡುತ್ತದೆ: ಕುಳಿ ಹೇಗಿರಬೇಕು ಎನ್ನುವುದನ್ನು ಮುಖ್ಯವಾಗಿ ಅದರ ಗಾತ್ರ ತೀರ್ಮಾನಿಸುತ್ತದೆ. ಚಂದ್ರನ ಮೇಲೆ ಸುಮಾರು 15 ಕಿ.ಮೀ.ವರೆಗಿನ ಕುಳಿಗಳು ಬರೀ ಗುಂಡಿಗಳು. ಅಂಚು ಚೂಪು, ಗೋಡೆ ನಯ, ಆಳ ಅಗಲದ ಐದನೇ ಒಂದು ಪಾಲು. ಈ ಅನುಪಾತ ಎಷ್ಟು ನಂಬಿಕಸ್ಥ ಎಂದರೆ, ಅಗಲ ಹೇಳಿದರೆ ಆಳ ಹೇಳಬಹುದು. ಚಂದ್ರಯಾನ-2ರ ಕ್ಯಾಮೆರಾ 2020ರ ಜುಲೈನಲ್ಲಿ ಸಾರಾಭಾಯಿ ಕುಳಿಯ ಚಿತ್ರ ತೆಗೆಯಿತು. ಪ್ರಶಾಂತತೆಯ ಸಮುದ್ರದ ಪಕ್ಕದ ಸೆರೆನಿಟಾಟಿಸ್ ಬಯಲಿನಲ್ಲಿರುವ, ವಿಕ್ರಮ್ ಸಾರಾಭಾಯಿ ಹೆಸರಿನ ಕುಳಿ ಅದು. ಅಗಲ ಸುಮಾರು 8 ಕಿ.ಮೀ., ಅಂಚಿನಿಂದ ಆಳ ಸುಮಾರು 1.7 ಕಿ.ಮೀ. ಲೆಕ್ಕ ಸರಿಯಾಗಿಯೇ ಇದೆ ನೋಡಿ. ನಮ್ಮ ಸಿ.ವಿ. ರಾಮನ್ ಹೆಸರಿನಲ್ಲೂ ಅಲ್ಲಿ ಹತ್ತು ಕಿ.ಮೀ. ಆಸುಪಾಸಿನ ಒಂದು ಕುಳಿ ಇದೆ, ಅದೂ ನಮಗೆ ಕಾಣುವ ಮುಖದಲ್ಲೇ. ಸಣ್ಣ ಟೆಲಿಸ್ಕೋಪಿಗೆ ಅದು ಸ್ವಲ್ಪ ಕಷ್ಟ.

15ರಿಂದ 20 ಕಿ.ಮೀ. ದಾಟಿದ ಮೇಲೆ ಆಟ ಬದಲಾಗುತ್ತದೆ. ಅಷ್ಟು ದೊಡ್ಡ ಗುಂಡಿಯ ಗೋಡೆ ತನ್ನ ಭಾರವನ್ನು ತಾನೇ ಹೊರಲಾರದು. ಗೋಡೆ ದೊಡ್ಡ ದೊಡ್ಡ ಹಾಳೆಗಳಾಗಿ ಒಳಗೆ ಜಾರುತ್ತದೆ, ಸುತ್ತಲೂ ಮೆಟ್ಟಿಲುಗಳು ಉಳಿಯುತ್ತವೆ. ಅದೇ ಹೊತ್ತಿಗೆ ಒತ್ತಿ ಕೆಳಗೆ ಹೋಗಿದ್ದ ತಳದ ಬಂಡೆ ಮತ್ತೆ ಮೇಲಕ್ಕೆ ಪುಟಿಯುತ್ತದೆ. ಕೆರೆಗೆ ಕಲ್ಲು ಬಿದ್ದಾಗ ಮೊದಲು ಗುಂಡಿಯಾಗಿ, ಮರುಕ್ಷಣ ನಡುವಿನಿಂದ ನೀರು ಕಂಬವಾಗಿ ಎದ್ದು ಬರುವುದನ್ನು ನೀವು ನೋಡಿರುತ್ತೀರಿ. ನೀರು ಮತ್ತೆ ಬಿದ್ದು ಸಮ ಆಗುತ್ತದೆ. ಬಂಡೆ ಮಾತ್ರ ಎದ್ದಲ್ಲೇ ಗಟ್ಟಿಯಾಗಿ ನಿಂತುಬಿಡುತ್ತದೆ. ಅದೇ ನೀವು ನೋಡಿದ ನಡುಗುಡ್ಡ.

ಇದೆಲ್ಲ ನಡೆಯುವುದಕ್ಕೆ ಎಷ್ಟು ಹೊತ್ತು ಬೇಕು ಗೊತ್ತಾ? ಟೈಕೊದಂಥ 85 ಕಿ.ಮೀ. ಅಗಲದ ಕುಳಿಗೆ ಕೆಲವೇ ನಿಮಿಷ. ಅಷ್ಟು ಹೊತ್ತಿನಲ್ಲಿ ಬಂಡೆ ದ್ರವದ ಹಾಗೆ ಹರಿದು, ಸುಮಾರು ಎರಡು ಕಿ.ಮೀ. ಎತ್ತರದ ಬೆಟ್ಟ ಎದ್ದು ನಿಲ್ಲುತ್ತದೆ. ಹಿಮಾಲಯ ಏಳಲು ಕೋಟ್ಯಂತರ ವರ್ಷ ಹಿಡಿಯಿತು. ಕುಳಿಗಳ ಬಗ್ಗೆ ಇಷ್ಟು ವರ್ಷ ಓದಿದ ಮೇಲೂ ಈ ಸಂಗತಿ ನನ್ನನ್ನು ಬೆರಗಾಗಿಸುತ್ತದೆ. ಟೈಕೊದ ನಡುಗುಡ್ಡದ ತುದಿಯನ್ನು ನಾಸಾದ ಎಲ್‌ಆರ್‌ಓ ನೌಕೆ 2011ರ ಜೂನ್‌ನಲ್ಲಿ ಸೂರ್ಯೋದಯದ ಹೊತ್ತಿನಲ್ಲಿ ಚಿತ್ರಿಸಿತು. ನೆತ್ತಿಯ ಮೇಲೆ ಸುಮಾರು 120 ಮೀಟರ್ ಅಗಲದ ಒಂದೇ ಬಂಡೆ ಕೂತಿದೆ. ಇಂಟರ್ನೆಟ್ಟಿನಲ್ಲಿ ಸಿಗುತ್ತದೆ, ಮಗಳಿಗೆ ಖಂಡಿತ ತೋರಿಸಿ.

ಈ ವಿವರಣೆ ಸರಿಯೇ ಎಂದು ಪರೀಕ್ಷಿಸುವುದು ಹೇಗೆ? ಗೋಡೆ ಕುಸಿಯುವುದು ಭಾರದಿಂದ ಆದರೆ, ಗುರುತ್ವ ಜಾಸ್ತಿ ಇರುವ ಕಡೆ ಇನ್ನೂ ಸಣ್ಣ ಕುಳಿಗಳೇ ಕುಸಿಯಬೇಕು. ಭೂಮಿಯ ಗುರುತ್ವ ಚಂದ್ರನ ಆರು ಪಟ್ಟು. ಭೂಮಿಯಲ್ಲಿ ಸುಮಾರು 2ರಿಂದ 4 ಕಿ.ಮೀ. ಅಗಲಕ್ಕೇ ನಡುಗುಡ್ಡ ಶುರುವಾಗುತ್ತದೆ. ಲೆಕ್ಕ ಹೊಂದಿತಲ್ವಾ? ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರದ ಅಗಲ ಸುಮಾರು 1.8 ಕಿ.ಮೀ. ಅದು ಆ ಗಡಿಯ ಈಚೆಗಿದೆ, ಹಾಗಾಗಿ ಅದು ನಡುಗುಡ್ಡ ಇಲ್ಲದ ಸಾದಾ ಕುಳಿ. ಕರ್ನಾಟಕದಿಂದ ಹೊರಟರೆ ಹೋಗಿ ಬರುವಷ್ಟು ದೂರದಲ್ಲಿದೆ. ದಖ್ಖನ್ನಿನ ಕಪ್ಪು ಬಸಾಲ್ಟ್ ಬಂಡೆಯಲ್ಲಿ ಆದ ಕುಳಿ ಅದು, ಚಂದ್ರನ ಕಪ್ಪು ಬಯಲುಗಳೂ ಬಸಾಲ್ಟ್. ಅದಕ್ಕೇ ಚಂದ್ರನ ಕುಳಿಗಳನ್ನು ಅರ್ಥ ಮಾಡಿಕೊಳ್ಳಲು ಜಗತ್ತಿನ ವಿಜ್ಞಾನಿಗಳು ಲೋಣಾರಿಗೆ ಬರುತ್ತಾರೆ. ಅದರ ಅಂಚಿನ ಮೇಲೆ ನಿಂತು ಒಮ್ಮೆ ಕೆಳಗೆ ನೋಡಿದರೆ, ಟೆಲಿಸ್ಕೋಪಿನಲ್ಲಿ ಕಂಡ ಸಣ್ಣ ಚುಕ್ಕೆಗಳ ಅಳತೆ ಮನಸ್ಸಿಗೆ ಬರುತ್ತದೆ.

ನಡುಗುಡ್ಡಕ್ಕೆ ಇನ್ನೊಂದು ಬೆಲೆ ಇದೆ. ಆ ಬಂಡೆ ಎದ್ದು ಬಂದಿರುವುದು ಆಳದಿಂದ. ದೊಡ್ಡ ಕುಳಿಗಳಲ್ಲಿ ಹಲವು ಕಿ.ಮೀ. ಕೆಳಗಿನ ಕಲ್ಲು ಮೇಲೆ ಬಂದು ಕೂತಿರುತ್ತದೆ. ಚಂದ್ರನನ್ನು ಅಷ್ಟು ಆಳ ಕೊರೆಯುವ ಯಂತ್ರ ನಮ್ಮಲ್ಲಿಲ್ಲ, ಬೇಕಾಗಿಯೂ ಇಲ್ಲ. ನಮ್ಮ ಚಂದ್ರಯಾನ-1ರಲ್ಲಿ ಹೋಗಿದ್ದ ನಾಸಾದ ಎಂ3 ಉಪಕರಣ ಬುಲಿಯಾಲ್ಡಸ್ ಎಂಬ 61 ಕಿ.ಮೀ. ಕುಳಿಯ ನಡುಗುಡ್ಡವನ್ನು ನೋಡಿತ್ತು. ಆ ಮಾಹಿತಿಯಿಂದ, ಚಂದ್ರನ ಒಳಗಿನಿಂದಲೇ ಬಂದ ನೀರಿನ ಸುಳಿವು, ಅಂದರೆ ಖನಿಜದೊಳಗೆ ಸೇರಿದ ಹೈಡ್ರಾಕ್ಸಿಲ್, ಅಲ್ಲಿ ಇದೆ ಎಂದು 2013ರಲ್ಲಿ ಪ್ರಕಟವಾಯಿತು. ಚಂದ್ರಯಾನ-1 ಕೆಲಸ ನಿಲ್ಲಿಸಿದ್ದು 2009ರಲ್ಲಿ. ಅದು ಕಳಿಸಿದ ಮಾಹಿತಿ ಮಾತ್ರ ಕೆಲಸ ಮಾಡುತ್ತಲೇ ಇತ್ತು.

ಕುಳಿ ಇನ್ನೂ ದೊಡ್ಡದಾದರೆ ಒಂದು ಗುಡ್ಡ ಸಾಲದೆ ಗುಡ್ಡಗಳ ಬಳೆಯೇ ಏಳುತ್ತದೆ. ಆಚೆ ಮುಖದ ಶ್ರೋಡಿಂಜರ್ ಕುಳಿಯಲ್ಲಿ ಹೀಗಿದೆ, ಅದು 300 ಕಿ.ಮೀ.ಗಿಂತ ಅಗಲ. ಓರಿಯೆಂಟಾಲ್ ಸುಮಾರು 930 ಕಿ.ಮೀ., ಒಂದರೊಳಗೊಂದು ಬಳೆಗಳು. ಎಲ್ಲಕ್ಕಿಂತ ದೊಡ್ಡದು ದಕ್ಷಿಣ ಧ್ರುವ–ಐಟ್ಕೆನ್ ತಗ್ಗು, ಸುಮಾರು 2,500 ಕಿ.ಮೀ. ಇವುಗಳನ್ನು ನಿಮ್ಮ ಮನೆಯ ಮಹಡಿಯಿಂದ ನೋಡಲು ಆಗುವುದಿಲ್ಲ, ಓರಿಯೆಂಟಾಲಿನ ಅಂಚು ಮಾತ್ರ ಕೆಲವೊಮ್ಮೆ ಇಣುಕುತ್ತದೆ.

ಸಪಾಟಾದ ತಳಕ್ಕೆ ಕಾರಣಗಳು ಬೇರೆ, ಒಂದಕ್ಕಿಂತ ಹೆಚ್ಚು. ಬಡಿತದಲ್ಲೇ ಕರಗಿದ ಬಂಡೆ ತಳದಲ್ಲಿ ಕೆರೆಯಾಗಿ ನಿಂತು ಗಟ್ಟಿಯಾಗುವುದು ಒಂದು. ಆಮೇಲೆ ಯಾವಾಗಲೋ, ಕೋಟ್ಯಂತರ ವರ್ಷಗಳ ನಂತರ, ಬಿರುಕುಗಳಿಂದ ಲಾವಾ ಬಂದು ತುಂಬುವುದು ಇನ್ನೊಂದು. ಉತ್ತರದಲ್ಲಿ ಪ್ಲೇಟೊ ಎಂಬ ಸುಮಾರು 100 ಕಿ.ಮೀ. ಅಗಲದ ಕುಳಿ ನೋಡಿ. ತಳ ಕಪ್ಪಾಗಿ, ನಯವಾಗಿದೆ. ನಡುಗುಡ್ಡ ಇದ್ದಿರಲೇಬೇಕು, ಲಾವಾದ ಕೆಳಗೆ ಹೂತು ಹೋಗಿದೆ. ವಾರ್ಗೆಂಟಿನ್ ಅಂತ ಒಂದಿದೆ, ಅದರಲ್ಲಿ ಲಾವಾ ಅಂಚಿನವರೆಗೂ ತುಂಬಿ ನಿಂತಿದೆ. ತಗ್ಗಾಗಬೇಕಿದ್ದ ಕುಳಿ ಈಗ ಎತ್ತರದ ಜಗಲಿಯಾಗಿದೆ. ಗ್ಯಾಸೆಂಡಿಯಲ್ಲಿ ಲಾವಾ ಹೊರಗೆ ಪೂರ್ತಿ ಬರದೆ ತಳವನ್ನು ಕೆಳಗಿನಿಂದ ಎತ್ತಿದೆ, ತಳದ ತುಂಬ ಬಿರುಕುಗಳು.

ಮೂರನೆಯ ಕಾರಣ ಪತ್ತೆಯಾದ ಕಥೆಯೇ ಚೆನ್ನಾಗಿದೆ. ಚಂದ್ರನ ಎತ್ತರದ ಬಿಳಿ ಪ್ರದೇಶಗಳಲ್ಲೂ ಸಪಾಟು ತಳದ ಕುಳಿಗಳಿವೆ, ಟಾಲಮಿಯಸ್ ಅಂಥದ್ದು. ಅಲ್ಲಿನ ಬಯಲು ತಿಳಿ ಬಣ್ಣದ್ದು. ಅದು ಬೇರೆ ಬಗೆಯ ಜ್ವಾಲಾಮುಖಿಯಿಂದ ಆಗಿರಬೇಕು ಎಂದು ಎಲ್ಲರೂ ತಿಳಿದಿದ್ದರು. ಅದನ್ನು ಖಾತ್ರಿ ಮಾಡಿಕೊಳ್ಳಲೆಂದೇ 1972ರ ಏಪ್ರಿಲ್‌ನಲ್ಲಿ ಅಪೋಲೊ-16 ಅಂಥದೇ ಬಯಲಿನಲ್ಲಿ ಇಳಿಯಿತು. ಜಾನ್ ಯಂಗ್ ಮತ್ತು ಚಾರ್ಲ್ಸ್ ಡ್ಯೂಕ್ ಕಲ್ಲು ಹುಡುಕಿದಷ್ಟೂ ಜ್ವಾಲಾಮುಖಿಯ ಕಲ್ಲು ಸಿಗಲಿಲ್ಲ. ಸಿಕ್ಕಿದ್ದೆಲ್ಲ ಒಡೆದ ಚೂರುಗಳು ಮತ್ತೆ ಬೆಸೆದುಕೊಂಡ ಕಲ್ಲುಗಳು. ದೂರದ ದೈತ್ಯ ಬಡಿತಗಳಿಂದ ಹಾರಿ ಬಂದ ಪುಡಿ ಮತ್ತು ಚೂರು ತಗ್ಗುಗಳಲ್ಲಿ ತುಂಬಿ ಆ ಬಯಲು ಆಗಿತ್ತು. ಒಂದು ಕುಳಿಯ ಕಸ ಇನ್ನೊಂದು ಕುಳಿಯ ನೆಲ! ಚಂದ್ರನ ಮೇಲೆ ಕುಳಿಗಳು ಒಂದಕ್ಕೊಂದು ಸಂಬಂಧ ಇಲ್ಲದ ಗುಂಡಿಗಳಲ್ಲ ಎನ್ನುವುದು ಅಂದು ಕಲ್ಲಿನಲ್ಲೇ ಗೊತ್ತಾಯಿತು.

ಈಗ ನಿಮ್ಮ ಹುಣ್ಣಿಮೆಯ ನಿರಾಸೆ. ಬೇಜಾರು ಮಾಡಿಕೊಳ್ಳಬೇಡಿ, ಬಹಳ ಜನ ಹೀಗೇ ಮಾಡುತ್ತಾರೆ. ಕುಳಿ ನೋಡಲು ತಿಂಗಳಲ್ಲೇ ತೀರಾ ಕೆಟ್ಟ ರಾತ್ರಿ ಹುಣ್ಣಿಮೆ. ಆವತ್ತು ಸೂರ್ಯ ನಮ್ಮ ಬೆನ್ನ ಹಿಂದೆ ಇರುತ್ತಾನೆ. ಬೆಳಕು ಎಲ್ಲಿ ಬೀಳುತ್ತದೋ ಅಲ್ಲಿಂದಲೇ ನಾವೂ ನೋಡುತ್ತಿರುತ್ತೇವೆ. ಹಾಗಾಗಿ ಒಂದು ನೆರಳೂ ಕಾಣುವುದಿಲ್ಲ. ನಮ್ಮ ಕಣ್ಣಿಗೆ ಏರು ತಗ್ಗು ಗೊತ್ತಾಗುವುದೇ ನೆರಳಿನಿಂದ. ಅದೇ ಅಷ್ಟಮಿಯಂದು ಬೆಳಕು ಮತ್ತು ಕತ್ತಲೆ ಕೂಡುವ ಗೆರೆ ಚಂದ್ರನ ನಡುವೆ ಹಾದು ಹೋಗುತ್ತದೆ. ಆ ಗೆರೆಯ ಮೇಲಿನ ಊರಿಗೆ ಅದು ಬೆಳಗಿನ ಜಾವ. ಸೂರ್ಯ ಈಗಷ್ಟೇ ಹುಟ್ಟುತ್ತಿದ್ದಾನೆ, ನೂರು ಮೀಟರಿನ ದಿಬ್ಬಕ್ಕೂ ಮಾರುದ್ದ ನೆರಳು.

ಈ ನೆರಳು ಒಂದು ಮೋಸವನ್ನೂ ಮಾಡುತ್ತದೆ. ಕುಳಿಗಳು ಪಾತಾಳದಷ್ಟು ಆಳ ಅನ್ನಿಸುತ್ತವೆ. ಸಣ್ಣವು ಆಳ ನಿಜ, ದೊಡ್ಡವು ಅಷ್ಟೇನಲ್ಲ. ಕೋಪರ್ನಿಕಸ್ ಕುಳಿಯ ಅಗಲ 93 ಕಿ.ಮೀ., ಆಳ 3.8 ಕಿ.ಮೀ. ಅಂದರೆ ಅಗಲದ ಇಪ್ಪತ್ತೈದನೇ ಒಂದು ಪಾಲು. ಸುಮಾರು ಬೆಂಗಳೂರಿನಿಂದ ಮಂಡ್ಯದವರೆಗಿನ ದಾರಿಯಷ್ಟು ಅಗಲದ ಬಯಲು, ಅದರ ಸುತ್ತ ಬೆಟ್ಟದ ಸಾಲು ಎಂದುಕೊಂಡರೆ ಹತ್ತಿರ ಬರುತ್ತದೆ. ಕ್ಲೇವಿಯಸ್ ಅಂತೂ 225 ಕಿ.ಮೀ. ಮೇಲಿದೆ. ಚಂದ್ರ ಸಣ್ಣ ಗೋಳ, ನೆಲ ಬೇಗ ಬಾಗುತ್ತದೆ. ಕ್ಲೇವಿಯಸ್‌ನ ನಡುವೆ ನಿಂತವರಿಗೆ ನೂರು ಚಿಲ್ಲರೆ ಕಿ.ಮೀ. ಆಚೆಯ ಅಂಚು ಸುಮಾರು ಮೂರೂವರೆ ಕಿ.ಮೀ.ಯಷ್ಟು ದಿಗಂತದ ಕೆಳಗೆ ಇಳಿದಿರುತ್ತದೆ. ಅಂಚಿನ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಅವರಿಗೆ ತಾವು ಕುಳಿಯೊಳಗೆ ಇದ್ದೇವೆ ಅಂತಲೇ ಗೊತ್ತಾಗಲಿಕ್ಕಿಲ್ಲ.

ಹುಣ್ಣಿಮೆಯಂದು ಏರು ತಗ್ಗು ಮಾಯವಾದಾಗ ಉಳಿಯುವುದು ಬಣ್ಣದ ವ್ಯತ್ಯಾಸ. ನೀವು ಕಂಡ ಬಿಳಿ ಗೆರೆಗಳು ಅದೇ. ಅವು ಹೊರಡುವ ಬಿಂದು ದಕ್ಷಿಣದ ಟೈಕೊ. ಆ ಬಡಿತದಲ್ಲಿ ಚಿಮ್ಮಿದ ಪುಡಿ ಮತ್ತು ಕಲ್ಲು ಗಾಳಿಯಿಲ್ಲದ ಆಕಾಶದಲ್ಲಿ ತಡೆಯಿಲ್ಲದೆ ಹಾರಿ, 1,500 ಕಿ.ಮೀ.ಗೂ ಆಚೆ ಬಿದ್ದಿದೆ. ಬರೀ ಮೇಲೆ ಕೂತಿದೆ ಅಂತಲ್ಲ. ಬಿದ್ದ ಕಲ್ಲುಗಳು ಅಲ್ಲಲ್ಲಿ ಮರಿ ಕುಳಿಗಳನ್ನು ಮಾಡಿವೆ, ಅಲ್ಲಿನ ಹಳೆಯ ಮಣ್ಣನ್ನು ಕೆದಕಿ ಕೆಳಗಿನ ಹೊಸ ಪುಡಿಯನ್ನು ಮೇಲೆ ತಂದಿವೆ. ಕೋಪರ್ನಿಕಸ್ ಸುತ್ತ ಈ ಮರಿ ಕುಳಿಗಳು ಸಾಲು ಸಾಲಾಗಿವೆ, ಒಳ್ಳೆಯ ರಾತ್ರಿ ಸಣ್ಣ ಟೆಲಿಸ್ಕೋಪಿಗೂ ಸಿಗುತ್ತವೆ.

ಹೊಸ ಪುಡಿ ಬಿಳಿ, ಹಳೆಯದು ಕಪ್ಪು. ಚಂದ್ರನ ಮಣ್ಣು ಬಯಲಲ್ಲಿ ಬಿದ್ದಿದ್ದರೆ ಸೂರ್ಯನಿಂದ ಬರುವ ಕಣಗಳು ಮತ್ತು ಧೂಳಿನಷ್ಟು ಸಣ್ಣ ಉಲ್ಕೆಗಳು ಅದಕ್ಕೆ ಸದಾ ಬಡಿಯುತ್ತಿರುತ್ತವೆ. ಆ ಬಡಿತಕ್ಕೆ ಮಣ್ಣಿನ ಕಣಗಳ ಮೇಲೆ ಅತಿ ಸೂಕ್ಷ್ಮ ಕಬ್ಬಿಣದ ಲೇಪ ಕೂರುತ್ತದೆ, ಮಣ್ಣು ಕಪ್ಪಾಗುತ್ತಾ ಹೋಗುತ್ತದೆ. ಸುಮಾರು ನೂರು ಕೋಟಿ ವರ್ಷದಲ್ಲಿ ಬಿಳಿ ಗೆರೆ ಹೆಚ್ಚುಕಡಿಮೆ ಅಳಿಸಿ ಹೋಗುತ್ತದೆ. ಆದ್ದರಿಂದ ಗೆರೆ ಇದ್ದರೆ ಕುಳಿ ಎಳೆಯದು. ಟೈಕೊದ ವಯಸ್ಸು ಸುಮಾರು 11 ಕೋಟಿ ವರ್ಷ. ಅಷ್ಟು ಹೊತ್ತಿಗೆ ಭೂಮಿಯ ಮೇಲೆ ಡೈನೋಸಾರ್‌ಗಳು ಓಡಾಡುತ್ತಿದ್ದವು. ಕೋಪರ್ನಿಕಸ್‌ಗೆ ಸುಮಾರು 80 ಕೋಟಿ ವರ್ಷ, ಗೆರೆಗಳು ಇನ್ನೂ ಇವೆ, ಸ್ವಲ್ಪ ಮಸುಕು. ಅದರ ಪಕ್ಕದ ಎರಟೋಸ್ತನೀಸ್ ಇನ್ನೂ ಹಳೆಯದು. ಆಕಾರ ಗಟ್ಟಿಯಾಗಿಯೇ ಇದೆ, ಗೆರೆ ಇಲ್ಲ. ಹುಣ್ಣಿಮೆಗೆ ಎರಟೋಸ್ತನೀಸ್ ಅನ್ನು ಹುಡುಕಿದರೆ ಕಣ್ಣಿಗೆ ಸಿಗುವುದೇ ಕಷ್ಟ.

ಈ ವಯಸ್ಸುಗಳು ಹೇಗೆ ಗೊತ್ತಾದವು ಎಂದು ಮಗಳು ಕೇಳಿಯೇ ಕೇಳುತ್ತಾಳೆ. ಯಾರೂ ಟೈಕೊಗೆ ಹೋಗಿ ಬಂದಿಲ್ಲ. 1968ರ ಜನವರಿಯಲ್ಲಿ ಸರ್ವೇಯರ್-7 ಎಂಬ ಯಂತ್ರ ಅದರ ಉತ್ತರದ ಹೊರಮೈ ಮೇಲೆ ಇಳಿದಿತ್ತು, ಕಲ್ಲು ತರಲಿಲ್ಲ. ಆದರೆ 1972ರ ಡಿಸೆಂಬರ್‌ನಲ್ಲಿ ಅಪೋಲೊ-17 ಇಳಿದ ಕಣಿವೆಯಲ್ಲಿ ಒಂದು ಬೆಟ್ಟ ಜರಿದ ಗುರುತಿತ್ತು. ಟೈಕೊ ಅಲ್ಲಿಂದ ಎರಡು ಸಾವಿರ ಕಿ.ಮೀ.ಗಿಂತ ದೂರ. ಆದರೂ ಅಲ್ಲಿಂದ ಹಾರಿ ಬಂದ ಕಲ್ಲುಗಳು ಬಡಿದೇ ಆ ಬೆಟ್ಟ ಜರಿದಿರಬೇಕು ಎಂದು ವಿಜ್ಞಾನಿಗಳು ಹೇಳುತ್ತಾರೆ. ಜರಿದ ಮಣ್ಣು ಎಷ್ಟು ಕಾಲದಿಂದ ಬಯಲಿಗೆ ಬಿದ್ದಿದೆ ಎಂದು ಅಳೆದರು. ಟೈಕೊದ ವಯಸ್ಸು ಬಂದದ್ದು ಹಾಗೆ. ಕೋಪರ್ನಿಕಸ್‌ನದ್ದು ಅಪೋಲೊ-12 ತಂದ ಮಣ್ಣಿನಿಂದ, ಆ ನೌಕೆ ಇಳಿದದ್ದು ಅದರ ಗೆರೆಯೊಂದರ ದಾರಿಯಲ್ಲಿ. ಕಲ್ಲು ತರದ ಜಾಗಗಳಲ್ಲಿ ಕುಳಿಗಳನ್ನು ಎಣಿಸುತ್ತಾರೆ. ಹೆಚ್ಚು ಕುಳಿ ಇದ್ದರೆ ಹಳೆಯ ನೆಲ, ಕಡಿಮೆ ಇದ್ದರೆ ಹೊಸ ನೆಲ. ಕಪ್ಪು ಬಯಲುಗಳಲ್ಲಿ ಕುಳಿ ಕಡಿಮೆ ಇರುವುದು ನಿಮಗೂ ಕಂಡಿರಬೇಕು.

ವಯಸ್ಸನ್ನು ಕಣ್ಣಾರೆ ನೋಡಬೇಕು ಅಂದರೆ ಷಷ್ಠಿ ಅಥವಾ ಸಪ್ತಮಿಯ ಸಂಜೆ ಥಿಯೋಫಿಲಸ್, ಸಿರಿಲಸ್, ಕ್ಯಾಥರಿನಾ ಎಂಬ ಮೂರು ಕುಳಿಗಳನ್ನು ಹುಡುಕಿ. ಪಕ್ಕಪಕ್ಕದಲ್ಲೇ ಇವೆ, ಗಾತ್ರವೂ ಒಂದೇ ಆಸುಪಾಸು, ನೂರು ಕಿ.ಮೀ. ಥಿಯೋಫಿಲಸ್‌ಗೆ ಚೂಪಾದ ಅಂಚು, ಚಂದದ ಮೆಟ್ಟಿಲು, ಎತ್ತರದ ನಡುಗುಡ್ಡ. ಅದು ಸಿರಿಲಸ್‌ನ ಗೋಡೆಯನ್ನು ಒಡೆದು ಒಳಗೆ ನುಗ್ಗಿದೆ, ಹಾಗಾಗಿ ಯಾರು ಆಮೇಲೆ ಬಂದವರು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಸಿರಿಲಸ್ ಸವೆದಿದೆ. ಕ್ಯಾಥರಿನಾ ಇನ್ನೂ ಸವೆದಿದೆ, ಅದರ ನಡುಗುಡ್ಡವೇ ಉಳಿದಿಲ್ಲ, ಮೇಲೆ ಬೇರೆ ಕುಳಿಗಳು ಕೂತಿವೆ. ಮಳೆ ಇಲ್ಲ, ಗಾಳಿ ಇಲ್ಲ, ಹೊಳೆ ಇಲ್ಲ. ಈ ಸವೆತವೆಲ್ಲ ಬಡಿತದಿಂದಲೇ ಆದದ್ದು. ಚಂದ್ರನ ಬಗ್ಗೆ ಒಂದೇ ಒಂದು ಪಾಠ ಹೇಳು ಅಂದರೆ ನಾನು ಈ ಮೂರನ್ನೇ ತೋರಿಸುತ್ತೇನೆ.

ಆ ಬಡಿತ ನಿಂತಿಲ್ಲ ಎನ್ನುವುದನ್ನೂ ಹೇಳಬೇಕು. 2013ರ ಮಾರ್ಚ್ 17ರಂದು ಚಂದ್ರನ ಕತ್ತಲೆ ಭಾಗದಲ್ಲಿ ಒಂದು ಮಿಂಚು ನಾಸಾದ ಕ್ಯಾಮೆರಾಕ್ಕೆ ಸಿಕ್ಕಿತು. ಆಮೇಲೆ ಎಲ್‌ಆರ್‌ಓ ಆ ಜಾಗದ ಹಳೆಯ ಮತ್ತು ಹೊಸ ಚಿತ್ರ ಹೋಲಿಸಿತು. ಹೊಚ್ಚ ಹೊಸ ಕುಳಿ, ಅಗಲ ಸುಮಾರು 18 ಮೀಟರ್. ಇನ್ನೂ ಸಣ್ಣವು ಲೆಕ್ಕವಿಲ್ಲದಷ್ಟು. ಚಂದ್ರಯಾನ-3ರ ಪ್ರಜ್ಞಾನ್ ರೋವರ್ 2023ರ ಆಗಸ್ಟ್ 27ರಂದು ನಾಲ್ಕು ಮೀಟರ್ ಅಗಲದ ಕುಳಿಯೊಂದರ ಹತ್ತಿರ ಬಂದಿತ್ತು. ಮೂರು ಮೀಟರ್ ದೂರದಲ್ಲೇ ಅದು ಕಂಡಿದ್ದರಿಂದ ಇಸ್ರೊದವರು ರೋವರನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸಿದರು. ಆಮೇಲೆ ಅದೇ ಚಿತ್ರಗಳನ್ನು ಮತ್ತು ಮೇಲಿನಿಂದ ತೆಗೆದ ಚಿತ್ರಗಳನ್ನು ಕೂಡಿಸಿ ನೋಡಿದ ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದವರು 2024ರಲ್ಲಿ ಇನ್ನೊಂದು ಸಂಗತಿ ಹೇಳಿದರು. ವಿಕ್ರಮ್ ಇಳಿದ ಜಾಗವೇ ಸುಮಾರು 160 ಕಿ.ಮೀ. ಅಗಲದ, ಹೂತು ಹೋದ ಹಳೆಯ ಕುಳಿಯೊಂದರ ಒಳಗಿದೆ. ಅದರ ಮೇಲೆ ದಕ್ಷಿಣ ಧ್ರುವ–ಐಟ್ಕೆನ್ ಬಡಿತದ ಮಣ್ಣು ಕೂತಿದೆ.

ಮಗಳ ಜೊತೆ ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ದಪ್ಪ ಮೈದಾ ಹರಡಿ. ಮೇಲೆ ತೆಳುವಾಗಿ ರಾಗಿ ಹಿಟ್ಟು ಜರಡಿ ಹಿಡಿಯಿರಿ. ಒಂದು ಗೋಲಿಯನ್ನು ಎದೆಯೆತ್ತರದಿಂದ ನೇರವಾಗಿ ಬಿಡಿ. ಕಂದು ನೆಲದ ಮೇಲೆ ಬಿಳಿ ಗೆರೆಗಳು ಸುತ್ತಲೂ ಚಿಮ್ಮುತ್ತವೆ, ಏಕೆ ಟೈಕೊ ಬಿಳಿ ಅಂತ ಅವಳಿಗೇ ಗೊತ್ತಾಗುತ್ತದೆ. ಅಂಚು ನೆಲಕ್ಕಿಂತ ಮೇಲೆ ಎದ್ದಿರುವುದನ್ನೂ ತೋರಿಸಿ. ಆಮೇಲೆ ಓರೆಯಾಗಿ ಎಸೆಯಲು ಹೇಳಿ. ಗುಂಡಿ ಅವಳು ಹೇಳಿದ ಹಾಗೆ ಉದ್ದಕ್ಕೇ ಆಗುತ್ತದೆ. ನಡುಗುಡ್ಡವಂತೂ ಎಷ್ಟು ಸಲ ಬಿಟ್ಟರೂ ಬರುವುದಿಲ್ಲ. ಗೋಲಿ ಕರಗುವುದಿಲ್ಲ, ತಟ್ಟೆಯೊಳಗೆ ಆಘಾತದ ಅಲೆ ಏಳುವುದಿಲ್ಲ. ತಟ್ಟೆಗೂ ಚಂದ್ರನಿಗೂ ಇರುವ ಅಂತರ ಆ ವೇಗದಲ್ಲಿ ಮತ್ತು ಗಾತ್ರದಲ್ಲಿದೆ.

ಮುಂದಿನ ಶುಕ್ಲ ಪಕ್ಷಕ್ಕೆ ಹೀಗೆ ನೋಡಿ. ಪಂಚಮಿಗೆ ಮೆಸಿಯರ್, ಷಷ್ಠಿಗೆ ಆ ಮೂವರು. ಅಷ್ಟಮಿ ಅಥವಾ ನವಮಿಗೆ ನಡುಭಾಗದಲ್ಲಿ ಟಾಲಮಿಯಸ್, ಆಲ್ಫೋನ್ಸಸ್, ಅರ್ಜಾಕೆಲ್ ಸಾಲಾಗಿ ಸಿಗುತ್ತವೆ. ಆಲ್ಫೋನ್ಸಸ್‌ಗೆ 1965ರ ಮಾರ್ಚ್ 24ರಂದು ರೇಂಜರ್-9 ನೌಕೆಯನ್ನು ಬೇಕೆಂದೇ ಡಿಕ್ಕಿ ಹೊಡೆಸಿದ್ದರು. ಅದು ಬೀಳುತ್ತಾ ಕಳಿಸಿದ ಚಿತ್ರಗಳು ಅಮೆರಿಕದ ಟಿವಿಯಲ್ಲಿ ನೇರವಾಗಿ ಬಂದವು. ನವಮಿಗೆ ಟೈಕೊ ಮತ್ತು ಕ್ಲೇವಿಯಸ್. ಕ್ಲೇವಿಯಸ್ ಒಳಗೆ ದೊಡ್ಡದರಿಂದ ಸಣ್ಣದಕ್ಕೆ ಕಮಾನಾಗಿ ಇಳಿಯುವ ಮರಿ ಕುಳಿಗಳನ್ನು ಎಣಿಸಿ. ದಶಮಿಗೆ ಕೋಪರ್ನಿಕಸ್, ಅವತ್ತು ಅದರ ಮೆಟ್ಟಿಲುಗಳಿಗೆ ಬೇರೆ ಸಾಟಿ ಇಲ್ಲ. ಏಕಾದಶಿಗೆ ಗ್ಯಾಸೆಂಡಿ, ತ್ರಯೋದಶಿಗೆ ಅಂಚಿನಲ್ಲಿ ವಾರ್ಗೆಂಟಿನ್. ಹುಣ್ಣಿಮೆಗೂ ನೋಡಿ, ಆದರೆ ಆವತ್ತು ಗೆರೆಗಳನ್ನು ಮಾತ್ರ ಹುಡುಕಿ.

ಒಂದು ಎಚ್ಚರಿಕೆ. ನಿಮ್ಮ ಟೆಲಿಸ್ಕೋಪ್ ಕನ್ನಡಿಯದ್ದಾದರೆ ಚಿತ್ರ ತಲೆಕೆಳಗಾಗಿ ಕಾಣುತ್ತದೆ, ದಕ್ಷಿಣದ ಟೈಕೊ ಮೇಲೆ ಬಂದಿರುತ್ತದೆ. ಲೆನ್ಸಿನದ್ದಾಗಿ, ಹಿಂಬದಿಗೆ ಓರೆ ಕನ್ನಡಿ ಹಾಕಿದ್ದರೆ ಎಡ ಬಲ ಅದಲು ಬದಲು. ನಕ್ಷೆಯನ್ನು ಅದಕ್ಕೆ ತಕ್ಕಂತೆ ತಿರುಗಿಸಿಕೊಳ್ಳಿ. ಕೆಲವೊಮ್ಮೆ ಕುಳಿಗಳೆಲ್ಲ ದಿಢೀರನೆ ಉಬ್ಬಿದ ದಿಬ್ಬಗಳಾಗಿ ಕಾಣಲು ಶುರುವಾಗುತ್ತವೆ. ಬೆಳಕು ಮೇಲಿನಿಂದ ಬರುತ್ತದೆ ಎಂದು ನಮ್ಮ ಮಿದುಳು ಸುಮ್ನೆ ಅಂದುಕೊಳ್ಳುವುದರಿಂದ ಹೀಗಾಗುತ್ತದೆ. ಆಗ ಚಂದ್ರನ ಬೆಳಗಿದ ಅಂಚು ಯಾವ ಕಡೆ ಇದೆ ನೋಡಿ. ಸೂರ್ಯ ಇರುವುದು ಆ ಕಡೆ. ಕುಳಿಯೊಳಗೆ ನೆರಳು ಬೀಳುವುದು ಸೂರ್ಯನ ಕಡೆಯ ಗೋಡೆಯ ಬುಡದಲ್ಲಿ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮತ್ತೆ ನೋಡಿದರೆ ದಿಬ್ಬಗಳು ಗುಂಡಿಗಳಾಗುತ್ತವೆ.